ಕೆಂಚನಿಗೆ ಜೊತೆ ಬೇಡ್ವಾ?

ಬಿಯರ್ಡೆಡ್ ಡ್ರ್ಯಾಗನ್ ಎಂಬ, ಹಲ್ಲಿ ಜಾತಿಯ ಗಡ್ಡದ ಪ್ರಾಣಿಯನ್ನು ಸಾಕುವವರು ಹಂಚಿಕೊಳ್ಳುವ ಫೋಟೋಗಳಲ್ಲಿ ಒಂದು ಬಗೆಯದು ಎಲ್ಲರಿಗೂ ಇಷ್ಟವಾಗುತ್ತದೆ. ಎರಡು ಪ್ರಾಣಿಗಳು ಒಂದರ ಮೇಲೊಂದು ಮಲಗಿರುತ್ತವೆ. ಮೇಲಿನದು ಕೆಳಗಿನದರ ಬೆನ್ನ ಮೇಲೆ ಕೈ ಚಾಚಿರುತ್ತದೆ. ಎರಡರ ಕಣ್ಣೂ ಅರ್ಧ ಮುಚ್ಚಿರುತ್ತವೆ. ‘ಎಷ್ಟು ಪ್ರೀತಿ ನೋಡಿ’, ‘ಇವರಿಬ್ಬರೂ ಬಿಟ್ಟಿರೋದೇ ಇಲ್ಲ’ ಅಂತ ಬರೆದಿರುತ್ತಾರೆ. ಬರೆದವರ ಪ್ರೀತಿಯಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಫೋಟೋ ನೋಡಿದಾಗಲೆಲ್ಲ ಕೆಳಗಿರುವ ಪ್ರಾಣಿಯನ್ನು ನೆನೆದು ನನಗೆ ಸಂಕಟವಾಗುತ್ತದೆ.

ಈ ಪ್ರಾಣಿ ತನ್ನ ಮೈಯನ್ನು ತಾನೇ ಬಿಸಿ ಮಾಡಿಕೊಳ್ಳಲಾರದು. ಬಿಸಿ ಹೊರಗಿನಿಂದಲೇ ಬರಬೇಕು. ಮೈ ಸುಮಾರು 35 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ತಿಂದದ್ದು ಅರಗುತ್ತದೆ, ಓಡಾಟ ಚುರುಕಾಗುತ್ತದೆ. ಅದಕ್ಕೇ ಸಾಕುವ ಗಾಜಿನ ಗೂಡಿನಲ್ಲಿ ಒಂದು ಮೂಲೆಗೆ ದೀಪ ಇಡುತ್ತೇವೆ. ದೀಪದ ಕೆಳಗೆ ಒಂದು ಕಲ್ಲೋ ದಿಮ್ಮಿಯೋ ಇರುತ್ತದೆ. ಅಲ್ಲಿ 40 ಡಿಗ್ರಿಯ ಆಸುಪಾಸು ಬಿಸಿ. ಪಕ್ಕದಲ್ಲೇ ಅಲ್ಟ್ರಾವಯಲೆಟ್ ಬೆಳಕಿನ ಟ್ಯೂಬು. ಆ ಬೆಳಕಿಲ್ಲದಿದ್ದರೆ ಮೈಗೆ ವಿಟಮಿನ್ ಡಿ ಸಿಗುವುದಿಲ್ಲ, ಕ್ಯಾಲ್ಸಿಯಂ ಹಿಡಿಯುವುದಿಲ್ಲ, ಮೂಳೆ ಮೆತ್ತಗಾಗುತ್ತದೆ. ಅಂದರೆ ಗೂಡಿನಲ್ಲಿ ನಿಜವಾಗಿ ಬೆಲೆಬಾಳುವ ಜಾಗ ಒಂದೇ ಒಂದು. ಅಲ್ಲಿ ಇನ್ನೊಂದರ ಮೇಲೆ ಹತ್ತಿ ಮಲಗಿದ ಪ್ರಾಣಿಗೆ ಬಿಸಿಯೂ ಸಿಕ್ಕಿತು, ಬೆಳಕೂ ಸಿಕ್ಕಿತು. ಕೆಳಗಿನದಕ್ಕೆ ಸಿಕ್ಕಿದ್ದು ನೆರಳು. ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವಲ್ಲ, ಇದೂ ಅದೇ ಕೆಲಸ. ಇಲ್ಲಿ ಟವೆಲ್ ಬದಲು ಪ್ರಾಣಿ ತನ್ನ ಮೈಯನ್ನೇ ಹಾಸುತ್ತದೆ.

ನಮ್ಮ ಮನೆಯಲ್ಲಿರುವವನ ಹೆಸರು ಕೆಂಚ. ಮರಳಿನ ಬಣ್ಣದ ಮೈ, ಬೆನ್ನ ಮೇಲೆ ತುಸು ಕೆಂಪು, ಕುತ್ತಿಗೆಯ ಸುತ್ತ ಮುಳ್ಳುಮುಳ್ಳಾದ ಗಡ್ಡ. ಮೆಲ್ಬರ್ನಿನ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಅವನ ಗೂಡಿದೆ. ಹಾಸನದಿಂದ ಅಮ್ಮ ವಿಡಿಯೋ ಕಾಲ್ ಮಾಡಿದಾಗ ನನ್ನ ಮಗಳು ಮೊದಲು ತೋರಿಸುವುದು ಅವನನ್ನೇ. ಅಮ್ಮ ಮೊದಮೊದಲು ಹೆದರುತ್ತಿದ್ದರು. ಈಗ ಅವನು ತಿಂದನೋ ಇಲ್ಲವೋ ಅಂತ ವಿಚಾರಿಸುತ್ತಾರೆ. ಆದರೆ ಒಂದು ಪ್ರಶ್ನೆಯನ್ನು ಅವರು ಬಿಡುವುದಿಲ್ಲ. ‘ಪಾಪ, ಅದೊಂದೇ ಇರತ್ತಲ್ಲ. ಅದಕ್ಕೆ ಜೊತೆ ಬೇಡ್ವಾ?’

ಒಳ್ಳೆಯ ಪ್ರಶ್ನೆ. ಅಮ್ಮ ಮಾತ್ರವಲ್ಲ, ಮನೆಗೆ ಬಂದ ಮುಕ್ಕಾಲು ಜನ ಇದನ್ನೇ ಕೇಳುತ್ತಾರೆ. ತುಂಬಿದ ಮನೆಯಲ್ಲಿ ಬೆಳೆದವರು ನಾವು. ಯಾರಾದರೂ ಒಬ್ಬರೇ ಊಟ ಮಾಡುತ್ತಿದ್ದರೆ ನಮಗೆ ಕರುಳು ಚುರ್ ಅನ್ನುತ್ತದೆ. ಊರು ಬಿಟ್ಟು ಬಂದ ಹೊಸದರಲ್ಲಿ ನಾನೂ ಆ ಗೂಡಿನ ಮುಂದೆ ಕೂತು, ಇವನೂ ನನ್ನ ಹಾಗೆ ಒಂಟಿ ಅಂತ ಅಂದುಕೊಂಡದ್ದುಂಟು. ಆ ಭಾವನೆ ನನ್ನದು. ಅವನದು ಏನು ಅಂತ ತಿಳಿಯಬೇಕಾದರೆ ಅವನು ಎಲ್ಲಿಂದ ಬಂದವನು ಅಂತ ನೋಡಬೇಕು.

ಸಾಕುವವರ ಮನೆಗಳಲ್ಲಿ ಇರುವುದು ಹೆಚ್ಚಾಗಿ ಸೆಂಟ್ರಲ್ ಬಿಯರ್ಡೆಡ್ ಡ್ರ್ಯಾಗನ್. ವಿಜ್ಞಾನದ ಹೆಸರು ಪೊಗೋನಾ ವಿಟ್ಟಿಸೆಪ್ಸ್. 1926ರಲ್ಲಿ ಜರ್ಮನಿಯ ಅರ್ನ್ಸ್ಟ್ ಆಲ್ ಇದನ್ನು ಮೊದಲು ವರ್ಣಿಸಿದರು. ಬಾಲವೂ ಸೇರಿದರೆ ಸುಮಾರು ಒಂದೂವರೆ ಅಡಿಯಿಂದ ಎರಡಡಿ ಉದ್ದ. ಊರು ಆಸ್ಟ್ರೇಲಿಯಾದ ಒಳನಾಡು. ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್, ಸೌತ್ ಆಸ್ಟ್ರೇಲಿಯಾಗಳ ಒಣ ಸೀಮೆ. ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿ ವಾಯವ್ಯ ಮೂಲೆಯ ಮ್ಯಾಲಿ ಪ್ರದೇಶ. ಆಸ್ಟ್ರೇಲಿಯಾ ತನ್ನ ಕಾಡುಪ್ರಾಣಿಗಳನ್ನು ಮಾರಾಟಕ್ಕೆ ಹೊರದೇಶಕ್ಕೆ ಕಳಿಸುವುದನ್ನು 1960ರ ದಶಕದಲ್ಲೇ ನಿಲ್ಲಿಸಿತು. ಇಂದು ಅಮೆರಿಕ, ಯುರೋಪಿನ ಮನೆಗಳಲ್ಲಿ ಇರುವ ಲೆಕ್ಕವಿಲ್ಲದಷ್ಟು ಡ್ರ್ಯಾಗನ್‌ಗಳು ಹಿಂದೆ ಹೇಗೋ ಹೊರಗೆ ಹೋದ ಕೆಲವು ಪ್ರಾಣಿಗಳ ಸಂತಾನ. ಇಲ್ಲಿ ಅವು ಇನ್ನೂ ಕಾಡಿನ ಪ್ರಾಣಿಗಳೇ. ವಿಕ್ಟೋರಿಯಾದಲ್ಲಿ ಸಾಕಬೇಕಾದರೆ ಪರವಾನಗಿ ಬೇಕು. ಬಯಲಿನಿಂದ ಹಿಡಿದು ತರುವಂತಿಲ್ಲ.

ಆ ಮ್ಯಾಲಿಯ ಮಿಲ್ಡ್ಯೂರಾ ಪಟ್ಟಣದ ಕಡೆಗೆ ಕಾಲ್ಡರ್ ಹೆದ್ದಾರಿಯಲ್ಲಿ ಹೋದರೆ ಓಯನ್ ಊರು ದಾಟಿದ ಮೇಲೆ ಮಣ್ಣು ಕೆಂಪಾಗುತ್ತದೆ. ಕುಳ್ಳಗಿನ ನೀಲಗಿರಿ ಮರಗಳು, ಗೋಧಿ ಹೊಲಗಳು, ಉದ್ದಕ್ಕೂ ತಂತಿಬೇಲಿ. ವಸಂತ ಶುರುವಾದ ಮೇಲೆ ಆ ಬೇಲಿಯ ಕಂಬಗಳನ್ನು ನೋಡುತ್ತಾ ಹೋಗಬೇಕು. ಕಂಬದ ತುದಿ ಕಂಬಕ್ಕಿಂತ ಒಂದು ಗೇಣು ಎತ್ತರ ಕಂಡಿತು ಅಂದರೆ ಅಲ್ಲೊಂದು ಡ್ರ್ಯಾಗನ್ ಕೂತಿದೆ ಅಂತ ಅರ್ಥ. ಒಂದು ಕಂಬಕ್ಕೆ ಒಂದೇ. ಆಮೇಲೆ ಎಷ್ಟೋ ದೂರ ಯಾವ ಕಂಬದಲ್ಲೂ ಏನೂ ಇಲ್ಲ. ಕಾರು ನಿಲ್ಲಿಸಿ ದೂರದಿಂದ ನೋಡುತ್ತಾ ನಿಂತರೆ ಅದು ಕದಲುವುದಿಲ್ಲ. ಎತ್ತರದಲ್ಲಿ ಕೂತರೆ ಬಿಸಿಲು ಸಿಗುತ್ತದೆ, ತಿನ್ನುವ ಹುಳ ಕಾಣುತ್ತದೆ, ಮೇಲೆ ಹಾರುವ ಗಿಡುಗ ಕಾಣುತ್ತದೆ, ದೂರದಲ್ಲಿ ಇನ್ನೊಂದು ಗಂಡು ಬಂದರೆ ಅದೂ ಕಾಣುತ್ತದೆ. ಅದಕ್ಕೂ ಮುಖ್ಯ, ತಾನು ಇಲ್ಲಿದ್ದೇನೆ ಅಂತ ಆ ಇನ್ನೊಂದಕ್ಕೆ ಕಾಣಿಸುತ್ತದೆ. ಇವುಗಳ ಸಮಾಜ ಅನ್ನುವುದು ಈ ದೂರದಲ್ಲೇ ನಡೆಯುತ್ತದೆ.

ಹುಟ್ಟಿನಿಂದಲೇ ಹಾಗೆ. ಹೆಣ್ಣು ಮಣ್ಣು ತೋಡಿ ಇಪ್ಪತ್ತರ ಆಸುಪಾಸು ಮೊಟ್ಟೆ ಇಟ್ಟು, ಮುಚ್ಚಿ, ಹೊರಟುಹೋಗುತ್ತದೆ. ಕಾವು ಕೂರುವುದಿಲ್ಲ, ಕಾವಲೂ ಇಲ್ಲ. ಎರಡು ತಿಂಗಳು ಕಳೆದ ಮೇಲೆ ಮರಿಗಳು ಮಣ್ಣು ಸರಿಸಿಕೊಂಡು ಹೊರಗೆ ಬರುತ್ತವೆ. ಬಂದ ದಿನದಿಂದ ತಮ್ಮ ಹುಳ ತಾವೇ ಹಿಡಿಯುತ್ತವೆ. ತಾಯಿಯ ಮುಖ ನೋಡುವುದಿಲ್ಲ, ಒಡಹುಟ್ಟಿದವರ ಜೊತೆ ಉಳಿಯುವುದೂ ಇಲ್ಲ. ಜೊತೆ ಅನ್ನುವುದು ಇವುಗಳ ಬದುಕಿನಲ್ಲಿ ಕಳೆದುಹೋದ ವಸ್ತುವಲ್ಲ. ಅದು ಮೊದಲಿಂದಲೂ ಅಲ್ಲಿ ಇರಲೇ ಇಲ್ಲ.

ಹಾಗಂತ ಇವಕ್ಕೆ ಪರಸ್ಪರ ಮಾತಿಲ್ಲ ಅಂದುಕೊಳ್ಳಬೇಡಿ. ಮಾತು ಜಾಸ್ತಿಯೇ ಇದೆ. ದೂರ ಕಾಯ್ದುಕೊಳ್ಳಬೇಕಾದವರಿಗೆ ಸ್ಪಷ್ಟವಾದ ಮಾತು ಬೇಕೇ ಬೇಕು.

ತಲೆ ಕುಣಿಸುವುದು ಮೊದಲನೆಯದು. ಗಂಡು ಎದ್ದು ನಿಂತು, ಗಡ್ಡ ಕಪ್ಪು ಮಾಡಿಕೊಂಡು, ತಲೆಯನ್ನು ರಭಸವಾಗಿ ಮೇಲೆ ಕೆಳಗೆ ಆಡಿಸುತ್ತದೆ. ಎಷ್ಟೋ ಸಲ ಮುಂದಿನ ಮೈಯೆಲ್ಲ ಅಲುಗಾಡುತ್ತದೆ. ಎದುರಿಗಿರುವುದು ಗಂಡಾದರೆ ಅದು ಸವಾಲು. ಹೆಣ್ಣಾದರೆ ಕೂಡುವ ಮೊದಲಿನ ಮಾತು. ನಿಧಾನವಾಗಿ, ಸಣ್ಣದಾಗಿ ತಲೆ ಬಾಗಿಸುವುದು ಬೇರೆ. ಹೆಣ್ಣುಗಳು, ಸಣ್ಣವು ಹೀಗೆ ಉತ್ತರ ಕೊಡುತ್ತವೆ. ವೇಗ ನೋಡದೆ ಸುಮ್ನೆ ‘ತಲೆ ಆಡಿಸ್ತು’ ಅಂದರೆ ಅರ್ಧ ಮಾತು ಕೇಳಿದ ಹಾಗೆ.

ಕೈ ಬೀಸುವುದು ಎರಡನೆಯದು. ಇದನ್ನು ನೋಡಿ ಮನಸೋಲದವರಿಲ್ಲ. ಮುಂದಿನ ಒಂದು ಕೈ ಎತ್ತಿ, ನಿಧಾನವಾಗಿ ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ, ಮತ್ತೆ ಕೆಳಗಿಡುತ್ತದೆ. ನೋಡಿದ ತಕ್ಷಣ ನಾವು ‘ಹಾಯ್’ ಅನ್ನುತ್ತೇವೆ. ಕಾರ್ಪೆಂಟರ್, ಬ್ಯಾಡಮ್, ಕಿಂಬಲ್ ಎಂಬ ಮೂವರು 1970ರಲ್ಲಿ, ಬ್ರಾಟ್‌ಸ್ಟ್ರಾಮ್ 1971ರಲ್ಲಿ ಗಡ್ಡದ ಡ್ರ್ಯಾಗನ್‌ಗಳ ಇಂಥ ಚಲನೆಗಳನ್ನು ಕೂತು ನೋಡಿ ಬರೆದಿಟ್ಟರು. ಆಗಿನಿಂದ ಈವರೆಗೂ ನೋಡಿದವರು ಒಪ್ಪುವುದು ಇಷ್ಟು. ಕೈ ಬೀಸುವುದು ಹೆಚ್ಚಾಗಿ ಸಣ್ಣದು, ದೊಡ್ಡದರ ಮುಂದೆ. ‘ನಿನ್ನನ್ನು ನೋಡಿದೆ, ನಾನೂ ನಿನ್ನ ಜಾತಿಯವನೇ, ಜಗಳಕ್ಕೆ ಬಂದಿಲ್ಲ’ ಅನ್ನುವಂಥ ಮಾತು ಅದು. ತಿಂಗಳ ಮರಿಯೂ ಬೀಸುತ್ತದೆ. ಮನೆಗೆ ಬಂದ ಎತ್ತರದ ಮನುಷ್ಯ ಗೂಡಿನ ಮೇಲೆ ಬಗ್ಗಿ ನೋಡಿದಾಗ ಮರಿ ಕೈ ಎತ್ತಿತು ಅಂದರೆ ಅದಕ್ಕೆ ಖುಷಿಯಾಗಿದೆ ಅಂತ ನಾನು ಹೇಳಲಾರೆ. ಒಂದು ಹೆಜ್ಜೆ ಹಿಂದೆ ಸರಿದು ಕೂತರೆ ಒಳ್ಳೆಯದು ಅಂತ ಹೇಳಬಲ್ಲೆ.

ಇನ್ನು ಗಡ್ಡ. ನಾಲಿಗೆಯ ಬುಡದ ಮೂಳೆಗಳನ್ನು ಮುಂದಕ್ಕೆ ತಳ್ಳಿ ಗಂಟಲ ಚರ್ಮವನ್ನು ಉಬ್ಬಿಸಿದಾಗ ಮುಳ್ಳುಗಳೆಲ್ಲ ನಿಗುರಿ ನಿಲ್ಲುತ್ತವೆ. ಜೊತೆಗೆ ಬಾಯಿ ತೆರೆದು, ಮೈಯನ್ನು ತಟ್ಟೆಯಷ್ಟು ಅಗಲ ಮಾಡಿ ಎದುರಿನವರ ಕಡೆ ವಾಲಿಸುತ್ತದೆ. ಹೆಣ್ಣಿಗೂ ಗಡ್ಡವಿದೆ, ಅದೂ ಉಬ್ಬಿಸುತ್ತದೆ. ಆದರೆ ಮಸಿಯಷ್ಟು ಕಪ್ಪಾಗುವುದು ಹೆಚ್ಚಾಗಿ ಗಂಡಿನದು, ಅದರಲ್ಲೂ ಕೂಡುವ ಕಾಲದಲ್ಲಿ. ಕೆಂಚ ಸೆಪ್ಟೆಂಬರಿನಲ್ಲಿ, ಇಲ್ಲಿ ಚಳಿ ಕಳೆದು ದಿನ ಉದ್ದವಾಗತೊಡಗಿದಾಗ, ಕಿಟಕಿಯಾಚೆಗಿನ ಮ್ಯಾಗ್‌ಪೈ ಹಕ್ಕಿಗೂ ಗಡ್ಡ ಕಪ್ಪು ಮಾಡುತ್ತಾನೆ. ಸಂಜೆ ಕತ್ತಲಾಗಿ ಗಾಜು ಕನ್ನಡಿಯಾದಾಗ ತನ್ನ ನೆರಳಿಗೇ ತಲೆ ಕುಣಿಸುತ್ತಾನೆ. ಆಗ ನಾವು ಗೂಡಿನ ಹೊರಗಿನ ದೀಪ ಹಾಕುತ್ತೇವೆ. ಹೊರಗೆ ಬೆಳಕಾದರೆ ಗಾಜಿನಲ್ಲಿ ಆ ‘ಇನ್ನೊಬ್ಬ’ ಕಾಣುವುದಿಲ್ಲ, ಇವನೂ ಸಮಾಧಾನವಾಗುತ್ತಾನೆ.

ಬಣ್ಣದ ಬಗ್ಗೆ ಇಲ್ಲಿನ ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ಡೆವಿ ಸ್ಟುವರ್ಟ್-ಫಾಕ್ಸ್ ಅವರ ತಂಡ ಮಾಡಿದ ಕೆಲಸ ನನಗೆ ತುಂಬಾ ಇಷ್ಟ. 2016ರಲ್ಲಿ ಪ್ರಕಟವಾಯಿತು. ಅವರು ಕಂಡದ್ದು ಇದು: ಇದೇ ಪ್ರಾಣಿ ಮೈಯ ಬೇರೆ ಬೇರೆ ಭಾಗದ ಬಣ್ಣವನ್ನು ಬೇರೆ ಬೇರೆ ಕೆಲಸಕ್ಕೆ ಬಳಸುತ್ತದೆ. ಚಳಿಯಿದ್ದರೆ ಬೆನ್ನು ಕಪ್ಪಾಗುತ್ತದೆ, ಬಿಸಿಲನ್ನು ಬೇಗ ಹೀರಿಕೊಳ್ಳುತ್ತದೆ. ಬಿಸಿ ಸಾಕಾದರೆ ಬೆನ್ನು ತಿಳಿಯಾಗುತ್ತದೆ. ಗಡ್ಡ ಮತ್ತು ಎದೆಯ ಬಣ್ಣ ಬದಲಾಗುವುದು ಮುಖ್ಯವಾಗಿ ಇನ್ನೊಂದು ಡ್ರ್ಯಾಗನ್ ಎದುರಿಗೆ ಬಂದಾಗ. ಬೆನ್ನು ಸೂರ್ಯನ ಜೊತೆ ವ್ಯವಹಾರಕ್ಕೆ, ಗಡ್ಡ ನೆರೆಯವನ ಜೊತೆ ವ್ಯವಹಾರಕ್ಕೆ. ಇದನ್ನು ಓದಿದ ಮೇಲೆ ಕೆಂಚನನ್ನು ನೋಡುವ ನನ್ನ ಕಣ್ಣೇ ಬದಲಾಯಿತು. ಬೆಳಿಗ್ಗೆ ಬೆನ್ನು ಕಪ್ಪಾಗಿದ್ದರೆ ಇನ್ನೂ ಬಿಸಿ ಬೇಕು ಅಂತ ಗೊತ್ತಾಗುತ್ತದೆ. ಬೆನ್ನು ತಿಳಿ, ಗಡ್ಡ ಕಪ್ಪು ಅಂದರೆ ಯಾರನ್ನೋ ನೋಡಿದ್ದಾನೆ ಅಂತ ಸುತ್ತ ನೋಡುತ್ತೇನೆ. ಯಾರೂ ಇಲ್ಲದೆ, ಹೊತ್ತುಗೊತ್ತಿಲ್ಲದೆ ಗಡ್ಡ ಕಪ್ಪಾಗಿಯೇ ಉಳಿದರೆ, ಊಟವನ್ನೂ ಬಿಟ್ಟರೆ, ಅದು ನೋವೋ ಕಾಯಿಲೆಯೋ ಇರಬಹುದು. ಆಗ ವೈದ್ಯರ ಬಳಿ ಹೋಗಬೇಕು. ಬಾಯಿ ತೆರೆಯುವುದೂ ಹಾಗೇ. ಎದುರಾಳಿಯ ಮುಂದೆ ಅದು ಬೆದರಿಕೆ. ದೀಪದ ಕೆಳಗೆ ಸುಮ್ಮನೆ ಕೂತು ತೆರೆದರೆ ಮೈ ತಂಪು ಮಾಡಿಕೊಳ್ಳುವ ದಾರಿ.

ಈ ತಲೆ ಕುಣಿತ, ಈ ದಂಡ ಹೊಡೆಯುವ ಭಂಗಿ ನಮಗೆ ಹೊಸದೇನಲ್ಲ, ಅಲ್ವಾ? ನಮ್ಮ ಓತಿಕ್ಯಾತ ಇದೇ ಕುಟುಂಬದ್ದು. ಅಗಾಮಿಡೇ ಅನ್ನುತ್ತಾರೆ. ಹಾಸನದ ಮನೆಯ ಹಿಂದಿನ ಲಂಟಾನ ಬೇಲಿಯಲ್ಲಿ ಮಳೆಗಾಲದ ಹೊತ್ತಿಗೆ ಕತ್ತು ಕೆಂಪು ಮಾಡಿಕೊಂಡ ಗಂಡು ಓತಿಕ್ಯಾತ ಕೂತು ಮೇಲೆ ಕೆಳಗೆ ಆಡುತ್ತಿತ್ತು. ರಕ್ತ ಹೀರುತ್ತದೆ ಅಂತ ಹೇಳಿ ಊರ ಹುಡುಗರು ಅದಕ್ಕೆ ಕಲ್ಲು ಹೊಡೆಯುತ್ತಿದ್ದರು. ಅದು ಯಾರ ರಕ್ತವನ್ನೂ ಹೀರುವುದಿಲ್ಲ. ಅದರ ಪಾಡಿಗೆ ಇನ್ನೊಂದು ಗಂಡಿಗೆ ‘ಈ ಬೇಲಿ ನನ್ನದು’ ಅನ್ನುತ್ತಿತ್ತು, ಅಷ್ಟೇ. ರಾಮನಗರ, ನಂದಿ ಬೆಟ್ಟದ ಕಡೆ ಬಂಡೆಗಳ ಮೇಲೆ ಇನ್ನೊಂದಿದೆ, ಬಂಡೆ ಓತಿ. ಗಂಡಿಗೆ ಕಣ್ಣು ಕುಕ್ಕುವ ಬಣ್ಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮರಿಯಾ ಠಾಕರ್ ಮತ್ತು ಅವರ ವಿದ್ಯಾರ್ಥಿಗಳು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಗಂಡು ಬಂಡೆ ಓತಿ ಹೆಣ್ಣಿನ ಮುಂದೆ ತೋರುವ ಬಣ್ಣಗಳೇ ಬೇರೆ, ಇನ್ನೊಂದು ಗಂಡಿನ ಮುಂದೆ ತೋರುವ ಬಣ್ಣಗಳೇ ಬೇರೆ. ಬದಲಾಗುವುದು ಕ್ಷಣಗಳಲ್ಲಿ. ಊರಿಗೆ ಹೋದಾಗ ಮಗಳಿಗೆ ಮೊದಲು ತೋರಿಸಬೇಕು ಅಂದುಕೊಂಡಿರುವುದು ಈ ಬಂಡೆ ಓತಿಯನ್ನೇ. ಕೆಂಚನ ನೆಂಟರು ನಮ್ಮ ಊರಲ್ಲೇ ಇದ್ದಾರೆ ಅಂತ ಅವಳಿಗೆ ಗೊತ್ತಾಗಲಿ.

ಈಗ ಜೊತೆಯ ವಿಷಯಕ್ಕೆ ಬರುತ್ತೇನೆ. ಪರಿಚಯದವರೊಬ್ಬರ ಮನೆಯಲ್ಲಿ ಎರಡು ಡ್ರ್ಯಾಗನ್ ಒಂದೇ ಗೂಡಿನಲ್ಲಿದ್ದವು. ಅಂಗಡಿಯವರು ‘ಒಂದೇ ತಗೊಂಡ್ರೆ ಬೇಜಾರಾಗತ್ತೆ’ ಅಂತ ಹೇಳಿ ಜೋಡಿ ಕೊಟ್ಟಿದ್ದರು. ಜಗಳವೇ ಇಲ್ಲ, ತುಂಬಾ ಹೊಂದಿಕೊಂಡಿವೆ ಅಂತ ಅವರು ಸಂತೋಷದಿಂದ ತೋರಿಸಿದರು. ನಿಜವೇ, ಕಚ್ಚಾಟ ಇರಲಿಲ್ಲ. ಆದರೆ ಒಂದು ಮಧ್ಯಾಹ್ನ ಪೂರ್ತಿ ಅಲ್ಲಿ ಕೂತು ನೋಡಿದೆ. ದೊಡ್ಡದು ದೀಪದ ಕೆಳಗೆ. ಸಣ್ಣದು ತಂಪಿನ ಮೂಲೆಯಲ್ಲಿ, ಗಾಜಿಗೆ ಮುಖ ಮಾಡಿ. ದೊಡ್ಡದು ತಲೆ ಎತ್ತಿ ಆ ಕಡೆ ನೋಡಿದರೆ ಸಾಕು, ಸಣ್ಣದು ಮೈ ನೆಲಕ್ಕೆ ಅಂಟಿಸಿ ಕೈ ಬೀಸುತ್ತಿತ್ತು. ಹುಳ ಹಾಕಿದಾಗ ದೊಡ್ಡದು ತಿಂದು ಮುಗಿಸುವವರೆಗೆ ಸಣ್ಣದು ಮುಂದೆ ಬರಲಿಲ್ಲ. ಆ ಗೂಡಿನಲ್ಲಿ ಜಗಳ ಇರಲಿಲ್ಲ ಯಾಕೆಂದರೆ ಅದು ಯಾವತ್ತೋ ಮುಗಿದುಹೋಗಿತ್ತು. ಸೋತದ್ದು ದಿನವೂ ಸೋಲನ್ನು ಒಪ್ಪಿಕೊಳ್ಳುತ್ತಾ ಬದುಕುತ್ತಿತ್ತು.

ಬಯಲಿನಲ್ಲಿ ಇದೇ ಆಟಕ್ಕೆ ಒಂದು ಕೊನೆ ಇರುತ್ತದೆ. ಸಣ್ಣದು ಕೈ ಬೀಸುತ್ತದೆ, ಆಮೇಲೆ ಓಡಿಹೋಗುತ್ತದೆ, ಇನ್ನೊಂದು ಕಂಬ ಹುಡುಕಿಕೊಳ್ಳುತ್ತದೆ. ಅಲ್ಲಿಗೆ ಮಾತು ಮುಗಿಯಿತು. ನಾಲ್ಕಡಿ ಗಾಜಿನ ಪೆಟ್ಟಿಗೆಯಲ್ಲಿ ಓಡಲು ಎಲ್ಲಿದೆ ಜಾಗ? ‘ಸೋತೆ’ ಅಂದ ಮೇಲೂ ಗೆದ್ದವನ ಕಣ್ಣೆದುರೇ ಇರಬೇಕು. ಸೋತವನಿಗೆ ಹೋಗುವ ದಾರಿ ಇದ್ದರೆ ಮಾತ್ರ ಆ ಸಂಜ್ಞೆಗಳಿಗೆ ಬೆಲೆ. ಈ ಪ್ರಾಣಿಯ ನಡವಳಿಕೆಯಲ್ಲಿ ನಾನು ಎಲ್ಲಕ್ಕಿಂತ ಮುಖ್ಯ ಅಂದುಕೊಂಡಿರುವುದು ಇದನ್ನೇ.

ಕೆಲವರು ‘ಎರಡು ಗಂಡು ಬೇಡ, ಗಂಡು ಹೆಣ್ಣು ಇಡಬಹುದಲ್ಲ’ ಅನ್ನುತ್ತಾರೆ. ಅದು ಹೆಣ್ಣಿಗೆ ಇನ್ನೂ ಕಷ್ಟ. ಗಂಡು ಕೂಡುವಾಗ ಹೆಣ್ಣಿನ ಕುತ್ತಿಗೆಯನ್ನು ಕಚ್ಚಿ ಹಿಡಿಯುತ್ತದೆ. ಒಂದೇ ಗೂಡಾದರೆ ಅದಕ್ಕೆ ಬಿಡುವಿಲ್ಲ. ಹೆಣ್ಣು ಮೇಲಿಂದ ಮೇಲೆ ಮೊಟ್ಟೆ ಇಡುತ್ತಾ ಮೈಯ ಕ್ಯಾಲ್ಸಿಯಂ ಎಲ್ಲ ಕಳೆದುಕೊಳ್ಳುತ್ತದೆ. ಎರಡು ಹೆಣ್ಣಾದರೂ ದೀಪ ಒಂದೇ, ಮೇಲು ಕೀಳು ತಪ್ಪಿದ್ದಲ್ಲ. ಮರಿಗಳಾಗಿದ್ದಾಗ ಒಟ್ಟಿಗೆ ಇಟ್ಟರೆ ಪರವಾಗಿಲ್ಲ ಅನ್ನುವುದೂ ಸರಿಯಲ್ಲ. ಮರಿಗಳು ಅಲುಗಾಡಿದ್ದನ್ನೆಲ್ಲ ಹುಳ ಅಂದುಕೊಂಡು ಬಾಯಿ ಹಾಕುತ್ತವೆ. ಪಕ್ಕದ ಮರಿಯ ಬೆರಳು, ಬಾಲದ ತುದಿ ಹೋಗುವುದು ಹೀಗೇ. ಮನೆಯ ಗೋಡೆಯ ಹಲ್ಲಿಗೆ ಬಾಲ ಮತ್ತೆ ಬೆಳೆಯುತ್ತದೆ, ಇವಕ್ಕೆ ಬೆಳೆಯುವುದಿಲ್ಲ. ಅಂಗಡಿಯ ಒಂದೇ ತೊಟ್ಟಿಯಲ್ಲಿ ಹತ್ತಾರು ಮರಿಗಳನ್ನು ತುಂಬಿಟ್ಟಿದ್ದರೆ ಕೊಳ್ಳುವ ಮೊದಲು ಬೆರಳುಗಳನ್ನು ಎಣಿಸಿ ನೋಡಿ.

ಇಷ್ಟೆಲ್ಲ ಓದಿ, ಓಹೋ, ಇದು ಯಾರನ್ನೂ ಗಮನಿಸದ, ತನ್ನ ಪಾಡಿಗಿರುವ ಮಂದಬುದ್ಧಿಯ ಪ್ರಾಣಿ ಅಂದುಕೊಂಡರೆ ಅದೂ ತಪ್ಪೇ. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಆನಾ ವಿಲ್ಕಿನ್ಸನ್, ಜೊತೆಗೆ ಅನ್ನಾ ಕಿಸ್ ಮತ್ತು ಲುಡ್ವಿಗ್ ಹೂಬರ್ ಒಂದು ಪ್ರಯೋಗ ಮಾಡಿದರು. 2015ರಲ್ಲಿ ಪ್ರಕಟವಾಯಿತು. ಒಂದು ಚಿಕ್ಕ ಬಾಗಿಲು. ಅದನ್ನು ಎಡಕ್ಕೂ ಸರಿಸಬಹುದು, ಬಲಕ್ಕೂ ಸರಿಸಬಹುದು. ಸರಿಸಿದರೆ ಆಚೆ ತಿಂಡಿ. ಒಂದು ಡ್ರ್ಯಾಗನ್‌ಗೆ ತಲೆಯಿಂದ ಬಾಗಿಲನ್ನು ಪಕ್ಕಕ್ಕೆ ದೂಡುವುದನ್ನು ಕಲಿಸಿದರು. ಉಳಿದವು ಅದು ಮಾಡುವುದನ್ನು ನೋಡಿದವು. ಆಮೇಲೆ ಅವಕ್ಕೂ ಬಾಗಿಲು ಕೊಟ್ಟರು. ಅವು ತೆರೆದವು. ಸುಮ್ನೆ ತೆರೆದದ್ದಲ್ಲ, ತಾವು ನೋಡಿದ ಕಡೆಗೇ ಸರಿಸಿ ತೆರೆದವು. ಇನ್ನೊಂದು ಗುಂಪಿಗೆ ಯಾರೂ ದೂಡದೆ ಬಾಗಿಲು ತಾನಾಗಿ ಸರಿಯುವುದನ್ನು ತೋರಿಸಿದ್ದರು. ಆ ಗುಂಪಿನವಕ್ಕೆ ತೆರೆಯಲು ಆಗಲಿಲ್ಲ.

ಇದು ಸಣ್ಣ ವಿಷಯವಲ್ಲ. ಬಾಗಿಲು ಸರಿಯುತ್ತದೆ, ಆಚೆ ಊಟವಿದೆ ಅನ್ನುವುದು ಎರಡೂ ಗುಂಪಿಗೆ ಕಂಡಿತ್ತು. ಒಂದು ಗುಂಪಿಗೆ ಮಾತ್ರ ತನ್ನಂಥದೇ ಇನ್ನೊಂದು ಅದನ್ನು ಮಾಡುವುದು ಕಂಡಿತ್ತು. ಕಲಿಸಿದ್ದು ಆ ನೋಟ. ಸಸ್ತನಿಗಳು, ಹಕ್ಕಿಗಳು ಅನುಕರಿಸುತ್ತವೆ ಅಂತ ಮೊದಲೇ ಗೊತ್ತಿತ್ತು. ಸರೀಸೃಪವೂ ಮಾಡಬಲ್ಲದು ಅಂತ ತೋರಿಸಿದ್ದು ಈ ಗಡ್ಡದವರು. ವಿಲ್ಕಿನ್ಸನ್ ಅವರೇ 2010ರಲ್ಲಿ ಕೆಂಪು ಕಾಲಿನ ಆಮೆಯ ಮೇಲೆ ಇಂಥದೇ ಇನ್ನೊಂದು ಕೆಲಸ ಪ್ರಕಟಿಸಿದ್ದರು. ಆ ಆಮೆಯೂ ಒಂಟಿಯಾಗಿ ಬದುಕುವುದು. ಅದೂ ಇನ್ನೊಂದು ಆಮೆ ಬೇಲಿ ಬಳಸಿ ಊಟದ ಕಡೆ ಹೋಗುವುದನ್ನು ನೋಡಿ ಕಲಿಯಿತು. ಹಾಗಾದರೆ ಗುಂಪಾಗಿ ಬದುಕುವವರು ಮಾತ್ರ ಬೇರೆಯವರನ್ನು ನೋಡಿ ಕಲಿಯುತ್ತಾರೆ ಅನ್ನುವ ನಮ್ಮ ಎಣಿಕೆ ನಿಲ್ಲುವುದಿಲ್ಲ. ಯೋಚಿಸಿದರೆ ಸರಿ ಅನ್ನಿಸುತ್ತದೆ. ಕಂಬದ ಮೇಲೆ ಕೂತವನಿಗೆ ದೂರದ ಇನ್ನೊಬ್ಬ ಏನು ಮಾಡುತ್ತಿದ್ದಾನೆ ಅಂತ ಕಣ್ಣಿಡುವುದು ಬದುಕಿನ ಪ್ರಶ್ನೆ. ಜೊತೆಯಲ್ಲಿ ಇರಲು ಇಷ್ಟವಿಲ್ಲದವನೂ ಗಮನವಿಟ್ಟು ನೋಡಬಲ್ಲ.

ಲಿಂಕನ್ ವಿಶ್ವವಿದ್ಯಾಲಯದಿಂದಲೇ 2017ರಲ್ಲಿ ಬಂದ ಇನ್ನೊಂದು ಸಂಗತಿ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಮೊಟ್ಟೆಗಳನ್ನು ಎರಡು ಬೇರೆ ಬೇರೆ ಉಷ್ಣತೆಯಲ್ಲಿಟ್ಟು ಮರಿ ಮಾಡಿದರು. ಅವು ದೊಡ್ಡವಾದ ಮೇಲೆ ಇನ್ನೊಂದನ್ನು ನೋಡಿ ಕಲಿಯುವ ಪರೀಕ್ಷೆ ಕೊಟ್ಟರು. ತುಸು ತಂಪಿನಲ್ಲಿದ್ದ ಮೊಟ್ಟೆಯಿಂದ ಬಂದವು ಬೇಗ ಕಲಿತವು, ಬೇಗ ಮಾಡಿ ಮುಗಿಸಿದವು. ಬಿಸಿ ಇನ್ನೂ ಜಾಸ್ತಿಯಾದರೆ, ಸುಮಾರು 32 ಡಿಗ್ರಿ ದಾಟಿದರೆ, ಗಂಡಾಗಬೇಕಾದ ಮೊಟ್ಟೆಯಿಂದ ಹೆಣ್ಣು ಬರುತ್ತದೆ. ಬಯಲಿನಲ್ಲೂ ಹಾಗಾಗುತ್ತಿದೆ ಅಂತ ಕ್ಯಾನ್‌ಬೆರಾ ವಿಶ್ವವಿದ್ಯಾಲಯದವರು 2015ರಲ್ಲಿ ತೋರಿಸಿದರು. ಒಂದು ಪ್ರಾಣಿ ನೆರೆಯವರ ಜೊತೆ ಹೇಗಿರುತ್ತದೆ ಅನ್ನುವುದರಲ್ಲಿ ಒಂದು ಪಾಲು ಅದು ಮಣ್ಣಿನೊಳಗೆ ಮೊಟ್ಟೆಯಾಗಿದ್ದಾಗಲೇ ತೀರ್ಮಾನವಾಗಿರುತ್ತದೆ. ‘ನಮ್ಮದು ತುಂಬಾ ಸಾಧು, ಅವರದು ಸಿಡುಕು’ ಅಂತ ಹೋಲಿಸುವಾಗ ಇದು ನೆನಪಿರಲಿ.

ಹಾಗಾದರೆ ಕೆಂಚನಿಗೆ ನಾವು ಯಾರು? ಮಗಳು ದಿನವೂ ಕೇಳುತ್ತಾಳೆ. ಅವನಿಗೆ ನಮ್ಮ ಮೇಲೆ ಭಯವಿಲ್ಲ, ಇದು ಖಂಡಿತ. ನಾವು ಗೂಡಿನ ಬಾಗಿಲು ತೆರೆದರೆ ಮುಂದೆ ಬರುತ್ತಾನೆ. ಹೊಸಬರು ತೆರೆದರೆ ಮೈ ಚಪ್ಪಟೆ ಮಾಡಿಕೊಳ್ಳುತ್ತಾನೆ. ನನ್ನ ತೋಳಿನ ಮೇಲೆ ಅರ್ಧ ಗಂಟೆ ಕೂರುತ್ತಾನೆ. ನನ್ನ ತೋಳು ಬೆಚ್ಚಗಿದೆ ಅನ್ನುವುದು ಅದಕ್ಕೆ ದೊಡ್ಡ ಕಾರಣ ಅಂತ ನನಗೆ ಗೊತ್ತು. ಅದರಿಂದ ನನ್ನ ಸಂತೋಷ ಕಡಿಮೆಯಾಗಿಲ್ಲ. ತಲೆ ಸವರಿದಾಗ ಕಣ್ಣು ಮುಚ್ಚುತ್ತಾನೆ. ಮಗಳು ಅದನ್ನು ಸುಖ ಅನ್ನುತ್ತಾಳೆ. ಮೈ ಸಡಿಲವಾಗಿ, ಕಾಲು ಚಾಚಿಕೊಂಡಿದ್ದರೆ ನಾನೂ ಒಪ್ಪುತ್ತೇನೆ. ಮೈ ಬಿಗಿಯಾಗಿದ್ದರೆ ಕೈ ತೆಗೆಯುತ್ತೇವೆ. ಮೇಲಿನಿಂದ ಕೈ ತರಬಾರದು ಅನ್ನುವುದು ನಮ್ಮ ಮನೆಯ ಕಟ್ಟುನಿಟ್ಟು. ಅವನ ನೆತ್ತಿಯ ಮೇಲೆ ಒಂದು ಸಣ್ಣ ಮಚ್ಚೆಯಿದೆ. ಅದು ಬೆಳಕು ನೆರಳನ್ನು ಗ್ರಹಿಸುವ ಮೂರನೆಯ ಕಣ್ಣು. ಅದರ ಮೇಲೆ ನೆರಳು ಬಿದ್ದರೆ ಅವನ ಪಾಲಿಗೆ ಅದು ಗಿಡುಗವಾಗಬಹುದು. ಪಕ್ಕದಿಂದ, ಅವನ ಕಣ್ಣಿಗೆ ಕಾಣುವ ಹಾಗೆ, ನಿಧಾನವಾಗಿ ಕೈ ತರುತ್ತೇವೆ.

ಅಮ್ಮನಿಗೆ ಕಳೆದ ವಾರ ಇದೆಲ್ಲ ಹೇಳಿದೆ. ಅವನಿಗೆ ಬೇಕಾದದ್ದು ಜೊತೆಯಲ್ಲ ಅಮ್ಮ, ಕೆಲಸ. ಹುಳವನ್ನು ಬಟ್ಟಲಲ್ಲಿ ಇಡದೆ ಓಡಿಸಿ ಹಿಡಿಯಲು ಬಿಡುತ್ತೇವೆ. ಅಗೆಯಲು ಮಣ್ಣಿನ ಡಬ್ಬಿ ಇಟ್ಟಿದ್ದೇವೆ. ಹತ್ತಲು ಎತ್ತರದ ಕೊಂಬೆಯಿದೆ, ನೋಡಲು ಕಿಟಕಿಯಿದೆ. ಬಿಸಿಲಿದ್ದ ದಿನ ಹಿತ್ತಲಿಗೆ ಕರೆದೊಯ್ಯುತ್ತೇವೆ. ಅಮ್ಮ ಎಲ್ಲ ಕೇಳಿ, ‘ಆದ್ರೂ ನಿಮ್ಮಲ್ಲಿ ಯಾರಾದ್ರೂ ಒಬ್ರು ಅದರ ಹತ್ರ ಕೂತ್ಕೊಳ್ತಾ ಇರಿ’ ಅಂದರು. ಕೂರುತ್ತೇವೆ. ಅವನನ್ನು ನೋಡುವುದು ನಮಗೆ ಬೇಕು.

ಪರಿಚಯದವರ ಮನೆಯ ಆ ಎರಡನ್ನು ಈಗ ಬೇರೆ ಬೇರೆ ಗೂಡಿನಲ್ಲಿ ಇಟ್ಟಿದ್ದಾರೆ. ಈಗಾಗಲೇ ಎರಡಿರುವವರು ದಯವಿಟ್ಟು ಹೀಗೆ ಮಾಡಿ. ಗೂಡು ಎರಡು, ದೀಪ ಎರಡು, ಟ್ಯೂಬ್ ಎರಡು, ಬಟ್ಟಲು ಎರಡು. ಗೂಡುಗಳು ಅಕ್ಕಪಕ್ಕ ಇದ್ದರೆ ನಡುವಿನ ಗಾಜಿಗೆ ರಟ್ಟು ಅಂಟಿಸಿ. ಕಣ್ಣಿಗೆ ಕಾಣುತ್ತಿದ್ದರೆ ಅವು ಗಾಜಿನಾಚೆಗೂ ದಿನವಿಡೀ ಅದೇ ಜಗಳ ಮುಂದುವರಿಸುತ್ತವೆ. ಸಣ್ಣದು ಮೊದಲ ಕೆಲವು ದಿನ ಅವಿತುಕೊಂಡೇ ಇರಬಹುದು. ಒಂಟಿತನದಿಂದ ಬಳಲುತ್ತಿದೆ ಅಂತ ಮತ್ತೆ ಒಟ್ಟಿಗೆ ಹಾಕಬೇಡಿ. ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ಎರಡನ್ನೂ ತೂಗಿ ಬರೆದಿಡಿ. ತೂಕ ಏರದೆ ಇಳಿಯುತ್ತಿದ್ದರೆ ಸರೀಸೃಪಗಳನ್ನು ನೋಡಿ ಗೊತ್ತಿರುವ ವೈದ್ಯರಿಗೆ ತೋರಿಸಿ.